ಜಪಸರದಲ್ಲಿ ಯೇಸುವಿಗಿಂತ ಮರಿಯಮ್ಮನವರೇ ಹೆಚ್ಚಾದರೇ?

ಸಂಜೆಗಂಟೆ:
ಐದು ದಶಕದ (ಹತ್ತು ಹತ್ತು ಮಣಿಗಳ ಐದು ಸುತ್ತಿನ) ಜಪಸರದಲ್ಲಿ ‘ನಮೋ ಮರಿಯ’ 53 ಸಲ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಬರೀ 6 ಸಲ. ಮಾತೆ ಮರಿಯಮ್ಮನವರು ನಮ್ಮನ್ನು ದೇವರ ಕಡೆ ತಿರುಗಿಸುವವರು ಎಂದು ಧರ್ಮಸಭೆ ಹೇಳುತ್ತದೆ, ಒಪ್ಪಿದೆ. ಜಪಿಸುವಾಗ ಮಾತ್ರ ಮನಸ್ಸು ಮಣಿ ಎಣಿಸುತ್ತಲೇ ಇರುತ್ತದೆ. ಗಮನ ಯೇಸುವಿನ ಮೇಲೆ ನಿಲ್ಲಬೇಕಾದರೆ ಹೇಗೆ ಜಪಿಸಬೇಕು?

ಹಳೆ ಉಪದೇಶಿ:
ಸಂಖ್ಯೆಯಿಂದ ಅಳೆಯಬೇಡಿ. ನಮೋ ಮರಿಯದ ಮೊದಲ ಭಾಗ ಲೂಕ 1:28 ಮತ್ತು 1:42ರ ಮಾತು. ಅದು ಹೋಗಿ ನಿಲ್ಲುವುದು ಯೇಸುವಿನ ಹೆಸರಿನಲ್ಲಿ. ಕೆಡುವುದೂ ಅಲ್ಲೇ. ಮುಂದಾಳು ಆ ಹೆಸರು ಮುಗಿಸುವ ಮೊದಲೇ ಉಳಿದವರು ಎರಡನೇ ಭಾಗವಾದ ‘ಸಂತ ಮರಿಯ’ ಎತ್ತಿಕೊಂಡರೆ ಹೆಸರೇ ನುಂಗಿಹೋಗುತ್ತದೆ.

ಆ ದಶಕದ ರಹಸ್ಯವನ್ನು, ಅಂದರೆ ಧ್ಯಾನಿಸಬೇಕಾದ ಯೇಸು, ಮರಿಯಮ್ಮನವರ ಬದುಕಿನ ಘಟನೆಯನ್ನು, ಹೇಳಿದ ಮೇಲೆ ಅದಕ್ಕೆ ತಕ್ಕ ಶುಭಸಂದೇಶದ ಎರಡು ಮೂರು ವಾಕ್ಯ ಓದಿ, ತುಸು ಹೊತ್ತು ಸುಮ್ಮನಿರಿ. ಆಮೇಲೆ ಪರಲೋಕ ಪ್ರಾರ್ಥನೆ. ಹತ್ತೂ ಮಣಿಗಳಲ್ಲಿ ಯೇಸುವಿನ ಹೆಸರಿಗೆ ಆ ರಹಸ್ಯದ ತುಣುಕೊಂದನ್ನು ಜೋಡಿಸಿ: ‘ನಮಗಾಗಿ ಮುಳ್ಳಿನ ಕಿರೀಟ ಧರಿಸಿದ ಯೇಸು’ ಎಂಬಂತೆ. ವಿಶ್ವಗುರು (ಪೋಪ್) ಎರಡನೇ ಜಾನ್ ಪಾಲ್ 2002ರಲ್ಲಿ ಜಪಸರದ ಬಗ್ಗೆ ಬರೆದ ಪತ್ರದಲ್ಲಿ ಈ ರೂಢಿಯನ್ನು ಮೆಚ್ಚಿದ್ದಾರೆ. ದಶಕದ ಕೊನೆಯಲ್ಲಿ ಪಿತ, ಸುತ, ಪವಿತ್ರಾತ್ಮರಿಗೆ ಹೇಳುವ ತ್ರಿತ್ವ ಸ್ತುತಿಯೇ ಧ್ಯಾನದ ಶಿಖರ ಎಂದೂ ಅದರಲ್ಲೇ ಇದೆ. ನಾವೋ ಅದನ್ನೇ ಎಲ್ಲಕ್ಕಿಂತ ಅವಸರದಲ್ಲಿ ಮುಗಿಸುತ್ತೇವೆ!

ಕಡಲಹಕ್ಕಿ:
ತುಣುಕು ಜೋಡಿಸುವುದು ಒಬ್ಬರೇ ಜಪಿಸುವಾಗ ಸಲೀಸು. ಗುಂಪಿನಲ್ಲಾದರೆ ಮುಂದಾಳು ಮಾತ್ರ ಹೇಳಲಿ, ಅದನ್ನೂ ಮೊದಲೇ ತಿಳಿಸಿರಲಿ. ಇಲ್ಲದಿದ್ದರೆ ಎರಡು ಸ್ವರ ಒಂದರ ಮೇಲೊಂದು ಬೀಳುತ್ತವೆ.

ಹೊಸಬರಿಗೆ ಗುರುವಾರದ ಬೆಳಕಿನ ರಹಸ್ಯಗಳು ಒಳ್ಳೆಯ ಆರಂಭ. ಸ್ನಾನದೀಕ್ಷೆ, ಕಾನಾ ಮದುವೆ, ದೇವರಾಜ್ಯದ ಸಾರುವಿಕೆ, ರೂಪಾಂತರ, ಪರಮಪ್ರಸಾದದ ಸ್ಥಾಪನೆ: ಕಾನಾ ಬಿಟ್ಟರೆ ಉಳಿದ ನಾಲ್ಕರಲ್ಲಿ ಮರಿಯಮ್ಮನವರು ಹಿನ್ನೆಲೆಯಲ್ಲೇ ಇದ್ದಾರೆ. ಕಾನಾದಲ್ಲಾದರೂ ಮಗನಿಗೆ ಹೇಳಿದ್ದು ದ್ರಾಕ್ಷಾರಸ ಮುಗಿದಿದೆ ಎಂದಷ್ಟೇ. ಹೀಗೆ ಮಾಡು ಎಂದು ಕಲಿಸಲಿಲ್ಲ. ಸೇವಕರಿಗೆ ಮಾತ್ರ, ಆತ ಹೇಳಿದಂತೆ ಮಾಡಿ ಎಂದರು (ಯೊವಾನ್ನ 2:5). ನಿಮ್ಮ ಬೇಡಿಕೆಯನ್ನೂ ಹಾಗೇ ಇಡಿ: ಕೊರತೆ ಏನೆಂದು ಹೇಳಿ, ಪರಿಹಾರದ ದಾರಿಯನ್ನು ಪ್ರಭುವಿಗೇ ಬಿಡಿ.

ಸಂಜೆಗಂಟೆ:
ಜಪಸರದ ಹೊರಗೆ ಇನ್ನೇನಾದರೂ?

ಹಳೆ ಉಪದೇಶಿ:
ಮರಿಯಮ್ಮನವರ ಕೀರ್ತನೆ, ಲೂಕ 1:46-55. ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ದಿನವೂ ಇದೆ. ತಮ್ಮ ಬಗ್ಗೆ ಆಡುವುದು ಆರಂಭದಲ್ಲಿ ಸ್ವಲ್ಪ, ಅಲ್ಲೂ ‘ದಾಸಿ’ ಎಂದೇ. ಮುಂದೆಲ್ಲ ದೇವರು ಮಾಡಿದ್ದೇ: ಗರ್ವಿಗಳನ್ನು ಚದರಿಸಿದರು, ಅಧಿಪತಿಗಳನ್ನು ಉರುಳಿಸಿದರು, ದೀನರನ್ನು ಮೇಲೆತ್ತಿದರು, ಹಸಿದವರನ್ನು ತಣಿಸಿದರು. ಅವರ ಭಕ್ತಿ ಎಂಥದೆಂದು ತಿಳಿಯಲು ಇದಕ್ಕಿಂತ ನೇರವಾದದ್ದಿಲ್ಲ.

‘ಮಗ ಕಠಿಣ, ತಾಯಿ ಮೃದು, ಅವರ ಮೂಲಕ ಕೆಲಸ ಮಾಡಿಸಿಕೊಳ್ಳೋಣ’ ಎಂಬ ಲೆಕ್ಕಾಚಾರ ಬೇಡ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ, ಅವರ ತಾಯ್ತನದ ನೆರವಿಗೆಲ್ಲ ಕ್ರಿಸ್ತರ ಮಧ್ಯಸ್ಥಿಕೆಯೇ ಆಧಾರ ಎಂದು ಸ್ಪಷ್ಟಪಡಿಸಿದೆ.

ಕಡಲಹಕ್ಕಿ:
ಇನ್ನೊಂದು, ಬಲಿಪೂಜೆ (ಚರ್ಚಿನ ಮಾಸ್) ನಡೆಯುವಾಗ ಜಪಸರ ಎಣಿಸುತ್ತಾ ಕೂರಬೇಡಿ. ವಿಶ್ವಗುರು ಆರನೇ ಪಾಲ್ 1974ರಲ್ಲೇ ಅದು ತಪ್ಪು ಎಂದಿದ್ದಾರೆ. ಪೂಜೆಗೆ ಮುಂಚೆ ಮುಗಿಸಿ, ಇಲ್ಲವೇ ಆಮೇಲೆ ಶುರುಮಾಡಿ.