‘ಡಮ್ಮಿ ಲೋಡ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ.

ಎರಡನೇ ಮಹಾಯುದ್ಧದ ಕಾಲದ ‘ವೈರ್‌ಲೆಸ್ ಸೆಟ್ ನಂ. 19’ ಅನ್ನು ಮತ್ತೆ ಚಾಲೂ ಮಾಡುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬ್ರಿಟಿಷ್ ಟ್ಯಾಂಕುಗಳಲ್ಲಿ ಇರುತ್ತಿದ್ದ, 2ರಿಂದ 8 ಮೆಗಾಹರ್ಟ್ಸ್‌ವರೆಗೆ ಸಂದೇಶ ಕಳಿಸುವ, ಕೇಳುವ ರೇಡಿಯೊ ಸೆಟ್ಟು. ಕೆನಡಾದಲ್ಲಿ ತಯಾರಾದ ಹಲವು ಸೆಟ್ಟುಗಳ ಮುಖಫಲಕದಲ್ಲಿ ಇಂಗ್ಲಿಷಿನ ಜೊತೆ ರಷ್ಯನ್ ಬರಹವೂ ಇದೆ. ಸೋವಿಯತ್ ಸೈನ್ಯಕ್ಕೂ ಹೋಗಬೇಕಿತ್ತಲ್ಲ. ವಾಲ್ವ್ (ಹಳೆಯ ರೇಡಿಯೊಗಳ ಗಾಜಿನ ನಿರ್ವಾತ ಕೊಳವೆ), ಕೀ (ಮೋರ್ಸ್ ಸಂಕೇತ ಕಳಿಸಲು ಒತ್ತುವ ಸ್ವಿಚ್ಚು), ಮೀಟರ್ ಎಲ್ಲ ಹಾಗೇ ಬರೆದುಕೊಂಡು ಹೋದೆ. ನಿಂತಿದ್ದು ಈ ಒಂದು ಪದದ ಹತ್ತಿರ.

ಸೋರುವ ಪೇಪರ್ ಕೆಪಾಸಿಟರ್‌ಗಳನ್ನು ಬದಲಿಸಿ, ವೋಲ್ಟೇಜನ್ನು ಮೆಲ್ಲಗೆ ಏರಿಸಿ, ಕೊನೆಗೆ ಕೀ ಒತ್ತಿ ನೋಡುವಾಗ ಆಂಟೆನಾ ಹಾಕುವುದಿಲ್ಲ. ಪರೀಕ್ಷೆಯ ಸಿಗ್ನಲ್ ಹೊರಗೆ ಹೋಗಿ ಬೇರೆಯವರಿಗೆ ತೊಂದರೆ ಆಗಬಾರದು. ಏನೂ ಹಾಕದೆ ಬಿಟ್ಟರೆ ಕೊನೆಯ ಹಂತದ 807 ವಾಲ್ವಿಗೇ ಪೆಟ್ಟು. ಹಾಗಾಗಿ ಆಂಟೆನಾದ ಜಾಗದಲ್ಲಿ ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಒಂದನ್ನು ಕೂರಿಸುತ್ತಾರೆ, ಸಾಮಾನ್ಯವಾಗಿ 50 ಓಮ್. ತಂತಿ ಸುತ್ತಿದ ರೆಸಿಸ್ಟರ್ ಆಗದು, ಸುರುಳಿಯ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಅಡ್ಡ ಬರುತ್ತದೆ. ಪವರ್ ಜಾಸ್ತಿಯಿದ್ದರೆ ಎಣ್ಣೆ ಡಬ್ಬಿಯಲ್ಲಿ ಮುಳುಗಿಸಿಡುತ್ತಾರೆ. ಇದೇ ಡಮ್ಮಿ ಲೋಡ್.

‘ಹುಸಿ ಹೊರೆ’ ಎಂದು ಬರೆದು ಹೊಡೆದುಹಾಕಿದೆ. ಹುಸಿ ಬಾಂಬ್ ಕರೆಯಲ್ಲಿ ಬಾಂಬ್ ಇರುವುದಿಲ್ಲ. ಇಲ್ಲಿ ರೆಸಿಸ್ಟರ್ ಪವರನ್ನೆಲ್ಲ ನಿಜವಾಗಿಯೇ ನುಂಗಿ ಕೈ ಸುಡುವಷ್ಟು ಕಾಯುತ್ತದೆ. ಮೇಲಾಗಿ ‘ಹೊರೆ’ ಅಂದರೆ ಓದುಗರಿಗೆ ಸೌದೆಯೋ ಸಾಲವೋ ನೆನಪಾದೀತು. ಪತ್ರಿಕೆಗಳ ‘ಅಣಕು ಮತದಾನ’ದ ದಾರಿಯಲ್ಲಿ ‘ಅಣಕು ಆಂಟೆನಾ’ ಅನ್ನಬಹುದು, ಆದರೆ ಆಂಟೆನಾವನ್ನು ಯಾರೋ ಗೇಲಿ ಮಾಡಿದಂತಿದೆ. ‘ಕೃತಕ ಆಂಟೆನಾ’ಕ್ಕೆ ಇಂಗ್ಲಿಷಿನ ಹಳೆಯ ‘ಆರ್ಟಿಫಿಶಿಯಲ್ ಏರಿಯಲ್’ ಬೆಂಬಲವಿದೆ. ಆದರೂ, ಆಂಟೆನಾಗಳಲ್ಲಿ ಕೃತಕವಲ್ಲದ್ದು ಯಾವುದು?

ನನ್ನ ಒಲವು ‘ಪರೀಕ್ಷಾ ಲೋಡ್’ ಕಡೆ. ಲೋಡ್ ಶೆಡ್ಡಿಂಗ್ ಕಂಡ ನಾಡಿಗೆ ‘ಲೋಡ್’ ಹೊಸದಲ್ಲ.

ಇನ್ನೊಂದು ತೊಡಕು. ಕೆಲವರು ರೆಸಿಸ್ಟರ್ ಬದಲು ಮನೆಯ ಬಲ್ಬನ್ನೇ ಕಟ್ಟುತ್ತಾರೆ. ಹೊತ್ತಿಕೊಂಡರೆ ಪವರ್ ಬರುತ್ತಿದೆ ಎಂದರ್ಥ. ಅಳತೆಗೆ ಇದು ನಂಬಿಕಸ್ಥವಲ್ಲ: 230 ವೋಲ್ಟ್, 60 ವ್ಯಾಟ್ ಬಲ್ಬು ಪೂರ್ತಿ ಉರಿಯುವಾಗ ಸುಮಾರು 880 ಓಮ್, ತಣ್ಣಗಿದ್ದಾಗ ಅದಕ್ಕಿಂತ ಬಹಳ ಕಡಿಮೆ. ರೆಸಿಸ್ಟರ್, ಬಲ್ಬು ಎರಡಕ್ಕೂ ಸಲ್ಲುವ ಪದ ಬೇಕು.

ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು, ಆಕಾಶವಾಣಿಯ ಟ್ರಾನ್ಸ್‌ಮಿಟರ್ ಕೇಂದ್ರಗಳಲ್ಲಿ ದುಡಿದವರು ಇಲ್ಲಿದ್ದರೆ ಹೇಳಿ: ಕೆಲಸದ ಮಧ್ಯೆ ಕನ್ನಡದಲ್ಲಿ ಮಾತಾಡುವಾಗ ಇದನ್ನು ಏನೆನ್ನುತ್ತಿದ್ದಿರಿ? ನಿಘಂಟಿಗಿಂತ ಆ ಬಳಕೆಯೇ ನನಗೆ ಮುಖ್ಯ.