ಅತ್ತೆಯನ್ನು ನಡಿಗೆಗೆ ಕರೆದುಕೊಂಡು ಹೋಗಲಾ? ಅನುಭವ ಇದ್ದವರು ಹೇಳಿ

ಬೆಳಗಾವಿ, ಟಿಳಕವಾಡಿಯಿಂದ (ಪ್ರಶ್ನೆ)

ಸೆಪ್ಟೆಂಬರ್ 21 ವಿಶ್ವ ಅಲ್ಜೈಮರ್ ದಿನ. ಅವತ್ತು ಬೆಳಿಗ್ಗೆ ನಮ್ಮ ಕಡೆಯ ಕೆಲವರು ಸೇರಿ 5 ಕಿಲೋಮೀಟರ್ ನಡಿಗೆ ಇಟ್ಟುಕೊಂಡಿದ್ದೇವೆ. ಕೂಡಿದ ಹಣ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಗೆ. ನಮ್ಮ ಅತ್ತೆಗೂ ಮೂರು ವರ್ಷದಿಂದ ಈ ಕಾಯಿಲೆ ಇದೆ. ವಯಸ್ಸು 74, ಕಾಲು ಗಟ್ಟಿ, ದಿನಾ ಅಂಗಳದಲ್ಲಿ ಹತ್ತು ಸುತ್ತು ಹಾಕುತ್ತಾರೆ. ಅವರನ್ನೂ ಕರೆದುಕೊಂಡು ಹೋಗೋಣ ಅಂತ ನನ್ನಾಸೆ. ನಮ್ಮ ಮನೆಯವರು ಬೇಡ ಅನ್ನುತ್ತಾರೆ. ಇನ್ನೊಂದು, ದುಡ್ಡು ಕೇಳೋಕೆ ನನಗೆ ಬಾಯೇ ಬರಲ್ಲ. ನೀವೆಲ್ಲ ಹೇಗೆ ಮಾಡಿದಿರಿ?

ವಿಜಯಪುರದಿಂದ

ಕರೆದುಕೊಂಡು ಹೋಗಿ ಅಕ್ಕಾ, ಆದರೆ ಪೂರ್ತಿ ದಾರಿಗೆ ಅಲ್ಲ.

ನಮ್ಮಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಹೋದ ವರ್ಷ ಇಲ್ಲಿ ಗೋಳಗುಮ್ಮಟದ ಮುಂದಿನಿಂದ ಇಂಥದ್ದೇ ನಡಿಗೆ ಇತ್ತು. ಶುರುವಿಗೇ ಹಲಗಿ, ಮೈಕು, ಭಾಷಣ. ಅಪ್ಪ ಎರಡೂ ಕಿವಿ ಮುಚ್ಚಿಕೊಂಡು ಬ್ಯಾರಿಕೇಡ್ ಹಿಂದೆ ಹೋಗಿ ನಿಂತುಬಿಟ್ಟರು. ಒಂದೇ ಸಲಕ್ಕೆ ನಾಲ್ಕು ಸದ್ದು ಬಂದರೆ ಯಾವುದು ಏನು ಅಂತ ಬಿಡಿಸಿಕೊಳ್ಳೋಕೆ ಅವರಿಗೆ ಆಗಲ್ಲ.

ಹೆಂಗೋ ಹೊರಟೆವು. ರಸ್ತೆ ದಾಟಿಸೋಕೆ ನಿಂತಿದ್ದ ಹುಡುಗ ಸೀಟಿ ಊದಿದ. ಅಪ್ಪ ನಡುರಸ್ತೆಯಲ್ಲಿ ನಿಂತರು. ಮತ್ತೆ ಊದಿದ, ಮತ್ತೆ ನಿಂತರು. ಎಳೆದರೆ ಕೈ ಕೊಸರಿಕೊಂಡರು. ನನಗೆ ಹೊಳೆಯೋಕೆ ಐದು ನಿಮಿಷ ಹಿಡಿಯಿತು. ಬಸ್ಸಿನಲ್ಲಿ ಒಂದು ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೊರಡು! ಹುಡುಗನಿಗೆ ಹೇಳಿ ಎರಡು ಸಲ ಊದಿಸಿದೆ. “ರೈಟ್ ರೈಟ್!” ಅಂತ ಕೂಗಿ ಅಪ್ಪ ನನಗಿಂತ ಮುಂದೆ ನಡೆದರು. ನನ್ನ ಹೆಸರು ನೆನಪಿಲ್ಲದ ಮನುಷ್ಯ ರೀ.

ಶುರುವಿನ ಗದ್ದಲ ತಪ್ಪಿಸಿ, ಕೊನೆಯ ಒಂದು ಕಿಲೋಮೀಟರ್‌ಗೆ ಸೇರಿಸಿಕೊಳ್ಳಿ. ಅವರ ಪಕ್ಕ ಒಬ್ಬರು ಬೇರೆ ಯಾವ ಕೆಲಸವೂ ಇಲ್ಲದೆ ಇರಲಿ. ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ರವಿಕೆಗೋ ಸ್ವೆಟರಿಗೋ ಪಿನ್ ಹಾಕಿಬಿಡಿ. ವಾಪಸ್ ಬರೋಕೆ ಆಟೋ ಮೊದಲೇ ಹೇಳಿಟ್ಟಿರಿ. ಬೆಳಿಗ್ಗೆ ಇಟ್ಟುಕೊಂಡಿದ್ದು ಚೆನ್ನಾಯಿತು, ಹೊತ್ತು ಇಳಿದ ಮೇಲೆ ಅಪ್ಪನಿಗೆ ಗೊಂದಲ ಜಾಸ್ತಿ.

ಬಾಗಲಕೋಟೆ, ನವನಗರದಿಂದ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ನಾನು ನಮ್ಮ ಭಿಶಿ (ಚೀಟಿ) ಹೆಂಗಸರ ಹತ್ತಿರ ಕೇಳಿದ್ದೆ. “ಅರವತ್ತಕ್ಕ ಅರಳು ಮರಳು, ಅದಕ್ಯಾಕ ನಡೀಬೇಕ ರೀ?” ಅಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ಸುಮ್ನೆ ನಕ್ಕೆ, ಒಳಗೆ ಉರಿಯುತ್ತಿತ್ತು.

ಆಮೇಲೆ ಅವ್ವನ ವಿಷಯ ಹೇಳಿದೆ. ಹಳೇ ಊರಿನ ನಮ್ಮ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷ ಆಯಿತು. ಅವ್ವ ಮಾತ್ರ ದಿನಾ ಸಂಜೆ ಚೀಲದಲ್ಲಿ ಒಂದು ಸೀರೆ, ಅಡಕಿ ಡಬ್ಬಿ ಇಟ್ಟುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ. “ಕತ್ತಲಾತು, ನಡಿ, ಮನಿಗೆ ಹೋಗೂಣು.” ಮನೆ ನೀರೊಳಗೆ ಹೋಗಿದೆ ಅಂತ ಹೇಳಿದರೆ ಪ್ರತಿ ದಿನ ಹೊಸದಾಗಿ ಅಳುತ್ತಾಳೆ. ಅದಕ್ಕೆ ಹೇಳೋದೇ ಬಿಟ್ಟೆ. “ಚಹಾ ಕುಡದ ಹೋಗೂಣಬೇ” ಅನ್ನುತ್ತೇನೆ. ಚಹಾ ಆಗೋವರೆಗೆ ಚೀಲ ಮರೆತಿರುತ್ತಾಳೆ.

ಅವತ್ತು ₹1,850 ಕೂಡಿತು. ಮೊದಲು ನಕ್ಕವರೇ ಹೊರಡುವಾಗ ಅಡುಗೆಮನೆಗೆ ಕರೆದು, ತಮ್ಮ ಮಾವನವರೂ ಗ್ಯಾಸ್ ಹಚ್ಚಿಟ್ಟು ಮರೆಯುತ್ತಾರೆ, ಯಾವ ಡಾಕ್ಟರಿಗೆ ತೋರಿಸಲಿ ಅಂತ ಮೆಲ್ಲಗೆ ಕೇಳಿದರು. ನನಗೆ ಆ ದುಡ್ಡಿಗಿಂತ ಅದು ದೊಡ್ಡದು.

ವಯಸ್ಸಾದರೆ ಹೀಗೇ ಬಿಡಿ ಅನ್ನುವವರಿಗೆ ಒಂದು ಲೆಕ್ಕ ಹೇಳಿ. 2023ರಲ್ಲಿ ಬಂದ ಒಂದು ದೇಶವ್ಯಾಪಿ ಅಧ್ಯಯನದ ಪ್ರಕಾರ, 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4ರಷ್ಟು. ಬರೀ ವಯಸ್ಸೇ ಕಾರಣ ಆಗಿದ್ದರೆ ಉಳಿದವರಿಗೂ ಬರಬೇಕಿತ್ತಲ್ವಾ?

ದೊಡ್ಡ ಮೊತ್ತ ಕೊಡುವವರು 80ಜಿ ರಸೀದಿ, ಅಂದರೆ ದಾನಕ್ಕೆ ತೆರಿಗೆ ವಿನಾಯಿತಿ ಪಡೆಯೋಕೆ ಬೇಕಾದ ರಸೀದಿ, ಕೇಳುತ್ತಾರೆ. ಹಣ ಪಡೆಯುವ ಸಂಸ್ಥೆಗೆ ಅದರ ನೋಂದಣಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಗದಾಗಿ ₹2,000ಕ್ಕಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ, ಹಾಗಾಗಿ ಚೆಕ್ಕೋ ಯುಪಿಐಯೋ ಒಳ್ಳೆಯದು. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಬೆಳಗಾವಿ, ಕ್ಯಾಂಪ್‌ನಿಂದ

ಸೆಪ್ಟೆಂಬರ್‌ನಲ್ಲಿ ನಮ್ಮೂರ ಮಳೆ ಗೊತ್ತಲ್ಲ, ಜಿಟಿಜಿಟಿ ಅಂತ ಶುರುವಾದರೆ ಬಿಡಲ್ಲ. ವಯಸ್ಸಾದವರಿಗೆ ಹೊಸ ಬೂಟು ಕೊಡಿಸಬೇಡಿ, ದಿನಾ ಹಾಕುವ ಚಪ್ಪಲಿಯೇ ಇರಲಿ, ಹಿಂದೆ ಪಟ್ಟಿ ಇದ್ದರೆ ಸಾಕು. ಒದ್ದೆ ನೆಲ, ಜಾರುತ್ತದೆ. ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ಹೋಗುವುದಾದರೆ ಮರದ ಕೆಳಗಿನ ಉದುರೆಲೆ ಮೇಲೆ ಇನ್ನೂ ಹುಷಾರು. ಶೌಚಾಲಯ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿ ಬನ್ನಿ. ಇದನ್ನು ಯಾರೂ ಹೇಳಲ್ಲ, ಕಷ್ಟ ಮಾತ್ರ ಇದರಿಂದಲೇ.

ಜಮಖಂಡಿಯಿಂದ

ನಾನು ನಿಮ್ಮ ಮನೆಯವರ ಕಡೆ. ಒಂದು ನಡಿಗೆಯಲ್ಲಿ ನನ್ನ ದೊಡ್ಡವ್ವನ ಫೋಟೋ ತೆಗೆದು, “ತನ್ನನ್ನೇ ಮರೆತ ತಾಯಿ” ಅಂತ ಬರೆದು ಎಲ್ಲ ಕಡೆ ಹಾಕಿದರು. ಒಂದು ಮಾತು ಕೇಳಲಿಲ್ಲ. ಊರಿಗೆ ಊರೇ ನೋಡಿತು. ನಿಂಬೆಹಣ್ಣಿನ ಉಪ್ಪಿನಕಾಯಿ ಇವತ್ತಿಗೂ ಅಳತೆ ತಪ್ಪದೆ ಹಾಕುವ ಹೆಂಗಸು ಅವರು! ಕರೆದುಕೊಂಡು ಹೋಗುವುದಾದರೆ ಫೋಟೋ ಇಲ್ಲ ಅಂತ ಮೊದಲೇ ಖಡಾಖಂಡಿತ ಹೇಳಿ. ಅಂದಹಾಗೆ, ಬರ್ತೀರಾ ಅಂತ ಅತ್ತೆಯನ್ನು ಕೇಳಿದಿರಾ? ಇಲ್ಲಿ ಯಾರೂ ಅದನ್ನು ಕೇಳಿಲ್ಲ.

ಟಿಳಕವಾಡಿಯಿಂದ ಮತ್ತೆ

ಜಮಖಂಡಿಯವರೇ, ನಿಜ ಹೇಳಬೇಕೆಂದರೆ ಕೇಳಿರಲಿಲ್ಲ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಕೇಳಿದೆ. “ಯಾರ ಮದವಿ?” ಅಂದರು. ಮದುವೆ ಅಲ್ಲ ಅತ್ತಿ, ಎಲ್ಲರೂ ಕೂಡಿ ಸ್ವಲ್ಪ ದೂರ ನಡೆಯೋದು ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. “ನಾಷ್ಟಾ ಐತಿಲ್ಲೋ?”

ನಮ್ಮ ಮನೆಯವರು ನಕ್ಕುಬಿಟ್ಟರು. ಕೊನೆಯ ಒಂದು ಕಿಲೋಮೀಟರ್‌ಗೆ ಒಪ್ಪಿದ್ದಾರೆ, ಅತ್ತೆಯ ಕೈ ಹಿಡಿದು ಅವರೇ ನಡೆಯುತ್ತಾರಂತೆ. ಹಲಗಿ ಬೇಡ ಅಂತ ಹೇಳಿದ್ದೇವೆ. ಉಪ್ಪಿಟ್ಟು ಹೇಳಿದ್ದೇವೆ.