ಕಬ್ಬಿನ ಗ್ಯಾಂಗಿನ ಎತ್ತಿಗೆ ಕಾಲುಬಾಯಿ ಬೇನೆ ಬಂದರೆ ಯಾರಿಗೆ ಹೇಳಬೇಕು?

ಪ್ರಶ್ನೆ (ಅಥಣಿ ತಾಲೂಕಿನ ರೈತ): ನಮಸ್ಕಾರ ಡಾಕ್ಟರ್ ಸಾಹೇಬ್ರೆ. ಕಾರ್ಖಾನೆ ಹಂಗಾಮು ಶುರುವಾಗಿದೆ. ಮಹಾರಾಷ್ಟ್ರದ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲದ ಬದಿಗೇ ಜೋಪಡಿ ಹಾಕಿದೆ. ಅವರ ಒಂದು ಎತ್ತು ಎರಡು ದಿನದಿಂದ ಜೊಲ್ಲು ಸುರಿಸುತ್ತಿದೆ, ಕುಂಟುತ್ತಿದೆ. ಗ್ಯಾಂಗಿನ ಮುಖ್ಯಸ್ಥ ಮುಕಾದಮನನ್ನು ಕೇಳಿದರೆ "ಚಕ್ಕಡಿ ಎಳೆದು ದಣಿದಿದೆ" ಅಂತಾನೆ. ನನ್ನ ಮನೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಆಕಳಿವೆ. ಬೇರೆಯವರ ಎತ್ತಿನ ಬಗ್ಗೆ ನಾನು ದೂರು ಕೊಡಬಹುದಾ?

ಪಶುವೈದ್ಯರ ಉತ್ತರ: ಅಣ್ಣಾ, ಇದು ದೂರಲ್ಲ, ಮಾಹಿತಿ. ಇವತ್ತೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲಾ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. ಪಂಚಾಯ್ತಿಗೂ ಒಂದು ಮಾತು ಹಾಕಿ. ಜಾನುವಾರುಗಳ ಸಾಂಕ್ರಾಮಿಕ ರೋಗ ತಡೆಗೆ 2009ರ ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ಅನುಮಾನ ಬಂದ ಕೂಡಲೇ ತಿಳಿಸುವುದು, ದನವನ್ನು ಬೇರೆ ಕಟ್ಟುವುದು ಮಾಲೀಕನ ಕರ್ತವ್ಯ. ತಪ್ಪಿದರೆ ಮೊದಲ ಸಲ ಸಾವಿರ ರೂಪಾಯಿವರೆಗೆ ದಂಡ. ಇವತ್ತಿನ ದರದಲ್ಲಿ ಅದು ಒಂದು ಚೀಲ ಹಿಂಡಿಗೂ ಸಾಲೋದಿಲ್ಲ, ಹೆದರೋರು ಯಾರು ಹೇಳಿ! ಹಾಗಾಗಿ ನಿಮ್ಮಂಥವರು ಬಾಯಿ ಬಿಟ್ಟರಷ್ಟೇ ನಮಗೆ ಗೊತ್ತಾಗೋದು.

ಜೊಲ್ಲು ಮತ್ತು ಕುಂಟು ಎರಡೂ ಇದ್ದರೆ ಮೊದಲ ಅನುಮಾನ ಕಾಲುಬಾಯಿ ಬೇನೆ. ನಾಲಿಗೆ ಮೇಲೆ, ಗೊರಸಿನ ಸಂದಿಯಲ್ಲಿ ಗುಳ್ಳೆ ಒಡೆದಿರುತ್ತವೆ. ಅದನ್ನ ನಾವು ಬಂದು ನೋಡುತ್ತೇವೆ, ನೀವು ಆ ಎತ್ತಿನ ಬಾಯಿಗೆ ಕೈ ಹಾಕಿ ಹಾಗೇ ನಿಮ್ಮ ಕೊಟ್ಟಿಗೆಗೆ ಹೋಗಬೇಡಿ. ಗುಳ್ಳೆಯ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಒ, ಎ, ಏಷ್ಯಾ-1 ಅಂತ ಈ ವೈರಾಣುವಿನ ಮೂರು ಬಗೆ ನಮ್ಮಲ್ಲಿವೆ, ಯಾವುದು ಅಂತ ಅಲ್ಲಿ ತಿಳಿಯುತ್ತದೆ. ರೋಗ ಖಚಿತವಾದರೆ ಅಧಿಕಾರಿ ಆ ಜಾಗವನ್ನು ಸೋಂಕಿತ ಪ್ರದೇಶ ಅಂತ ಘೋಷಿಸಬಹುದು. ಸ್ಥಳೀಯ ಪತ್ರಿಕೆಯಲ್ಲಿ ಹಾಕಿಸಿ, ಊರಲ್ಲಿ ಡಂಗುರ ಸಾರಿಸಬೇಕು ಅಂತ ಕಾಯ್ದೆಯಲ್ಲೇ ಇದೆ.

ಆ ಗ್ಯಾಂಗಿನವರ ಹತ್ತಿರ ಮೇವಿಗೆ ಕಬ್ಬಿನ ಹಸಿ ಸೋಗೆ ಕೊಳ್ಳುತ್ತಿದ್ದರೆ ನಿಲ್ಲಿಸಿ. ಒಂದೇ ತೊಟ್ಟಿಯ ನೀರು ಬೇಡ. ಕೊಟ್ಟಿಗೆಗೆ ಬರೀ ಫಿನೈಲ್ ಸುರಿದು ಸಮಾಧಾನ ಪಟ್ಟುಕೊಳ್ಳಬೇಡಿ, ಈ ವೈರಾಣುವಿಗೆ ಅದು ಅಷ್ಟಾಗಿ ನಾಟೋದಿಲ್ಲ. ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನೆಲ, ಗೋದಲಿ ತೊಳೆಯಿರಿ. ಹಾಲು ಕರೆಯುವವರು ಚಪ್ಪಲಿಯನ್ನೂ ಅದರಲ್ಲೇ ಅದ್ದಲಿ. ಕರುಗಳ ಮೇಲೆ ಜಾಸ್ತಿ ಕಣ್ಣಿಡಿ. ದೊಡ್ಡ ದನ ಸೊರಗಿಯಾದರೂ ಉಳಿಯುತ್ತದೆ, ಕರುವಿನ ಹೃದಯಕ್ಕೆ ಇಳಿದರೆ ನಿಂತಲ್ಲೇ ಬೀಳುತ್ತದೆ.

ಅದೇ ರೈತ: ಎತ್ತಿನ ಕಿವಿಯಲ್ಲಿ ಹಳದಿ ಓಲೆ (ನಂಬರಿನ ಟ್ಯಾಗ್) ಇದೆ. ಅಂದ್ರೆ ಲಸಿಕೆ ಆಗಿದೆ ಅಂತಲೇ ಅಲ್ವಾ?

ಪಶುವೈದ್ಯರು: ಓಲೆ ಇದ್ದ ಮಾತ್ರಕ್ಕೆ ಆರು ತಿಂಗಳಿಗೊಮ್ಮೆ ಹಾಕಿಸಿದ್ದಾರೆ ಅಂತಲ್ಲ. ಆದರೆ ಅದರ 12 ಅಂಕಿಯ ನಂಬರ್ ಆ ಒಂದು ದನದ್ದೇ, ಇಡೀ ದೇಶದಲ್ಲಿ ಅದೇ ನಡೆಯುತ್ತದೆ. 'ಭಾರತ್ ಪಶುಧನ್' ತಂತ್ರಾಂಶದಲ್ಲಿ ಒತ್ತಿದರೆ, ದಾಖಲಿಸಿದ್ದರೆ, ಕೊನೆಯ ಲಸಿಕೆ ಯಾವಾಗ ಅಂತ ಬರುತ್ತದೆ, ಎತ್ತು ಯಾವ ರಾಜ್ಯದ್ದೇ ಇರಲಿ. ದೂರದಿಂದಲೇ ಓಲೆಯ ಫೋಟೋ ತೆಗೆದು ನನಗೆ ಕಳಿಸಿ. ನನ್ನನ್ನು ಕೇಳಿದರೆ ಹಂಗಾಮಿನ ಮೊದಲ ವಾರವೇ ಗ್ಯಾಂಗಿನ ಜೋಪಡಿಗಳಿಗೆ ಹೋಗಿ ಇದನ್ನು ನೋಡಬೇಕು. ರೋಗ ಬಂದ ಮೇಲೆ ಓಡಾಡಿ ಏನು ಬಂತು?

ಪ್ರಶ್ನೆ (ಜಮಖಂಡಿಯಿಂದ ಒಬ್ಬ ಅಕ್ಕ): ಕಾಲುಬಾಯಿ ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಅಂತ ನಮ್ಮ ಅತ್ತೆ ಹೋದ ಸಲ ಬಂದವರನ್ನು ವಾಪಸ್ ಕಳಿಸಿದರು. ನಿಜಾನಾ?

ಪಶುವೈದ್ಯರು: ಎರಡು ಮೂರು ದಿನ ಸ್ವಲ್ಪ ಇಳಿಯಬಹುದು ಅಕ್ಕಾ, ಆಮೇಲೆ ಮೊದಲಿನಂತಾಗುತ್ತದೆ. ಸೂಜಿ ಚುಚ್ಚಿದಲ್ಲಿ ಬಾವು ಬರಬಹುದು. ರೋಗ ಬಂದರೆ ಆ ಸೂಲಿನ ಹಾಲೇ ಹೋಗಬಹುದು ಅಂತ ಅತ್ತೆಯವರಿಗೆ ಹೇಳಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರು ಇದ್ದರೆ ಕಂದು ರೋಗದ (ಗರ್ಭ ಕಂದು ಹಾಕಿಸುವ ಬ್ರುಸೆಲ್ಲೋಸಿಸ್) ಲಸಿಕೆಯನ್ನೂ ಕೇಳಿ ಹಾಕಿಸಿ, ಜೀವನದಲ್ಲಿ ಒಂದೇ ಸಲ. ಆ ರೋಗ ಮನುಷ್ಯರಿಗೂ ಬರುತ್ತದೆ.

ಪ್ರಶ್ನೆ (ಹುನಗುಂದ ಕಡೆಯ ಕುರಿಗಾರ): ಅಮೀನಗಡ ಸಂತೆಯಲ್ಲಿ ತಂದ ಕುರಿ ರಾತ್ರಿ ಸತ್ತಿದೆ. ಮೂಗಿನಲ್ಲಿ ಕಪ್ಪು ರಕ್ತ. ಪರಿಹಾರಕ್ಕೆ ಪೋಸ್ಟ್‌ಮಾರ್ಟಮ್ ಬೇಕಂತಾರೆ. ಕೊಯ್ದು ಇಡಲಾ?

ಪಶುವೈದ್ಯರು: ಬೇಡ! ಚಾಕು ಮುಟ್ಟಿಸಲೇಬೇಡಿ. ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ರಕ್ತ ಬಂದರೆ ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಕೊಯ್ದರೆ ಗಾಳಿ ತಾಗಿ ರೋಗಾಣು ಬೀಜಕ ಕಟ್ಟುತ್ತದೆ, ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮಾಂಸ, ಚರ್ಮ ಮುಟ್ಟಿದವರಿಗೂ ಅಂಟುತ್ತದೆ. ನಾಯಿ ಎಳೆಯದಂತೆ ಕಾವಲಿರಿ, ಹಳ್ಳಕ್ಕೆ ಎಸೆಯಬೇಡಿ. ವೈದ್ಯರು ಬಂದು ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನೆರಡಿ ಅಂತ ಬಂದರೆ ಆರು ಅಡಿ ತೆಗ್ಗು ತೋಡಿ ಸುಣ್ಣ ಹಾಕಿ ಹೂಳಬೇಕು. ಪರಿಹಾರದ ಕಾಗದ ಏನೇನು ಬೇಕು ಅಂತ ಅವರನ್ನೇ ಕೇಳಿ. ಆ ಕುರಿಯನ್ನು ಎತ್ತಿಟ್ಟವರು ಯಾರಾದರೂ ಇದ್ದಾರಾ? ಕೈಯಲ್ಲಿ ಕಪ್ಪು ಹುಣ್ಣು, ಜ್ವರ ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕುರಿ ಸತ್ತ ವಿಷಯವನ್ನೂ ಅಲ್ಲಿ ಹೇಳಿ.

ಅಥಣಿ ರೈತ: ಸಾಹೇಬ್ರೆ, 1962ರ ಪಶು ಚಿಕಿತ್ಸೆಯ ಗಾಡಿ ಬರುತ್ತಿದೆಯಂತೆ. ಈ ವಾರ ಸಂತೆಗೆ ಒಂದು ಹೋರಿ ಒಯ್ಯಬೇಕಿತ್ತು.

ಪಶುವೈದ್ಯರು: ಈಗ ಬೇಡ ಅಣ್ಣಾ. ಸೋಂಕು ತಗುಲಿದ್ದರೆ ತೋರಿಸಿಕೊಳ್ಳಲು ಎರಡು ವಾರದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಹೋರಿ ಮನೆಯಲ್ಲೇ ಇರಲಿ. ಗಾಡಿ ಬಂದಾಗ ನಿಮ್ಮ ಆಕಳುಗಳ ಓಲೆ ನಂಬರನ್ನೂ ತೋರಿಸಿ.